ಕಂಬ ಬೇಡದ ಬೀನ್ಸ್

ಹಳಿಯಾಳದ ಪೇಟೆಯ ಬೀಜ-ಗೊಬ್ಬರದ ಅಂಗಡಿಗೆ ದಾನೇಶ್ವರಿ ಹೋದದ್ದು ದಸರೆ ಮುಗಿದ ಮೇಲೆ. ಮಳೆ ಹಿಂದೆ ಸರಿದಿತ್ತು. ಹಿತ್ತಲಿನ ಮಣ್ಣು ಕಾಲಿಗೆ ಮೆತ್ತುವುದನ್ನು ಬಿಟ್ಟು ಉದುರುದುರಾಗುತ್ತಿತ್ತು. ಬೇರೆ ವರ್ಷ ಈ ಹೊತ್ತಿಗೆ ಅಲ್ಲಿ ಅವರೆ ಹಂಬು ಬಿದಿರ ಚಪ್ಪರ ಏರಿ ಹೂ ಬಿಟ್ಟಿರುತ್ತಿತ್ತು. ಚಪ್ಪರ ಹಾಕುವುದು ಗಂಡ ಈರೇಶನ ಕೆಲಸವಾಗಿತ್ತು. ಈ ಸಲ ಚಪ್ಪರವೂ ಇಲ್ಲ, ಅವರೆಯೂ ಇಲ್ಲ. ಹಿತ್ತಲ ತುಂಬ ಹುಲ್ಲು ಬೆಳೆದು ನಿಂತಲ್ಲೇ ಒಣಗತೊಡಗಿತ್ತು.

ಅಂಗಡಿಯ ಪುಂಡಲೀಕ ತಕ್ಕಡಿ ಒರೆಸುತ್ತಿದ್ದವನು ತಲೆ ಎತ್ತಿದ.

"ಏನ್ ಕೊಡ್ಲಿರಿ ಅಕ್ಕಾರ?"

"ಹಂಬು ಹಬ್ಬಲಾರದ್ದು ಏನರ ಐತೇನ್ರಿ? ಚಪ್ಪರಾ ಹಾಕಾವ್ರು ಇಲ್ಲ."

ಪುಂಡಲೀಕ ಒಳಗಿನ ಡಬ್ಬಿಯಿಂದ ಒಂದು ಹಿಡಿ ಬೀಜ ತಂದು ಕಾಗದದ ಮೇಲೆ ಸುರಿದ. ಚಪ್ಪಟೆಯ, ಬೆಳ್ಳನೆಯ, ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಾಳು.

"ಡಬಲ್ ಬೀನ್ಸ್ ರೀ. ಇದು ಗಿಡಜಾತಿ. ಮೊಳಕಾಲ ಮಟ ಬೆಳಿತೈತಿ, ಅಷ್ಟಕ್ಕ ನಿಂದರ್ತೈತಿ. ಕಂಬ ಬ್ಯಾಡ, ಹಗ್ಗ ಬ್ಯಾಡ. ಆದ್ರ ನೀರು ಭಾಳ ಹಾಕಬ್ಯಾಡ್ರಿ, ಮೊಳಿಕಿ ಬರೂದರೊಳಗ ಕೊಳತ ಹೋಗ್ತಾವ. ಮತ್ತ ಹಸೀ ಕಾಳು ಯಾರೂ ಬಾಯಾಗ ಹಾಕ್ಕೋಬಾರ್ದು, ಹೊಟ್ಟಿಗೆ ಆಗಿ ಬರೂದಿಲ್ಲ. ಬೇಯಿಸಿ, ಆ ನೀರು ಚೆಲ್ಲೇ ತಿನ್ನಬೇಕು."

ಅವಳು ಹೂಂ ಅಂದಳು. ಅವನು ಬೀಜವನ್ನು ಪೊಟ್ಟಣ ಕಟ್ಟಿ ಕೊಡುವಾಗ ದನಿ ತಗ್ಗಿಸಿ ಕೇಳಿದ, "ಈರೇಶಣ್ಣಾರ ಸುದ್ದಿ ಏನರ ಬಂತೇನ್ರಿ?"

"ಇಲ್ರಿ."

ದಿನಕ್ಕೆ ಎಷ್ಟೋ ಸಲ ಹೇಳುವ ಮಾತು. ಹಾಲು ತರಲು ಹೋದರೆ, ಗಿರಣಿಗೆ ಹೋದರೆ, ಬಾಗಿಲಲ್ಲಿ ನಿಂತರೆ. ಈಗ ಅದು ಬಾಯಿಂದ ತಾನೇ ಬರುತ್ತಿತ್ತು.

ಶ್ರಾವಣದ ಜೋರು ಮಳೆಯಲ್ಲಿ ಈರೇಶ ತನ್ನ ಪಿಕಪ್ ಗಾಡಿಯಲ್ಲಿ ಕಿರಾಣಿ ಸಾಮಾನು ಹೇರಿಕೊಂಡು ಜೊಯಿಡಾ ದಾಟಿ ಕುಂಬಾರವಾಡದ ಅಂಗಡಿಗಳಿಗೆ ಹೋಗಿದ್ದ. ವಾರವಾರವೂ ಹೋಗುವ ದಾರಿ. ಸಾಮಾನು ಇಳಿಸಿ, "ಕತ್ತಲಾಗೂದರೊಳಗ ಮನಿ ಮುಟ್ಟತೇನಿ" ಎಂದು ದಾನೇಶ್ವರಿಗೆ ಫೋನ್ ಮಾಡಿ ಹೊರಟವನು ಮನೆ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಹಾಲಿನ ಗಾಡಿಯವರು ಪಿಕಪ್ ಕಂಡರು. ಹಳ್ಳಕ್ಕೆ ಕಟ್ಟಿದ ಸಣ್ಣ ಸೇತುವೆ ದಾಟದೆ, ಕುಂಬಾರವಾಡದ ಕಡೆಯ ಬದಿಗೇ ನಿಂತಿತ್ತು. ಬಾಗಿಲು ತೆರೆದಿತ್ತು. ಚಪ್ಪಲಿ ಒಳಗೇ ಇದ್ದವು. ಸೇತುವೆಯ ಮೇಲೆ ನೀರು ಎಷ್ಟಿದೆ ಎಂದು ನೋಡಲು ಇಳಿದಿರಬೇಕು ಎಂದು ಎಲ್ಲರೂ ಅಂದುಕೊಂಡರು. ಆ ಹಳ್ಳ ಮುಂದೆ ಹೋಗಿ ಕಾಳಿ ನದಿಯ ಹಿನ್ನೀರು ಸೇರುತ್ತದೆ. ಪೊಲೀಸರು ಹುಡುಕಿದರು, ಸುತ್ತಲಿನ ಊರವರು ಹುಡುಕಿದರು, ದೋಣಿಯವರು ಹುಡುಕಿದರು. ಮಳೆ ಒಂದು ದಿನವೂ ಬಿಡುವು ಕೊಡಲಿಲ್ಲ. ಹಿನ್ನೀರು ತುಂಬುತ್ತಲೇ ಹೋಯಿತು.

ದಾನೇಶ್ವರಿ ಅಳಲಿಲ್ಲ. ಮೊದಲು, ಇನ್ನೂ ಏನೂ ಗೊತ್ತಾಗಿಲ್ಲವಲ್ಲ ಎಂದು. ಆಮೇಲೆ, ಇಷ್ಟು ದಿನ ಬಿಟ್ಟು ಈಗ ಶುರು ಮಾಡುವುದು ಹೇಗೆಂದು ತಿಳಿಯದೆ. ಅವಳು ಹೊತ್ತುಹೊತ್ತಿಗೆ ಉಂಡಳು, ಮಲಗಿದರೆ ನಿದ್ದೆಯೂ ಬಂತು. ಅದು ಅವಳಿಗೇ ವಿಚಿತ್ರವೆನಿಸಿತು. ಒಂದು ದಿನ ರೊಟ್ಟಿ ತಿರುವುವಾಗ ಬೆರಳು ಹಂಚಿಗೆ ತಾಗಿ ಬೊಬ್ಬೆ ಎದ್ದದ್ದು, ಸಂಜೆ ಪಾತ್ರೆ ತೊಳೆಯುವಾಗ ಕಣ್ಣಿಗೆ ಬಿತ್ತು. ಓಣಿಯ ಹೆಂಗಸರು ಅವಳಿಗೆ ಕೇಳುವ ಹಾಗೆಯೇ "ಅಕಿ ಕಲ್ಲಾಗ್ಯಾಳ" ಅಂದರು. ಅವಳಿಗೆ ಸಿಟ್ಟೂ ಬರಲಿಲ್ಲ. ಕಲ್ಲಿಗೆ ಹೀಗೆ ಹಸಿವಾಗುತ್ತದೆಯೇ ಎಂದಷ್ಟೇ ಅನಿಸಿತು.

ಮನೆಯಲ್ಲಿ ಇದ್ದವರು ಅವಳು ಮತ್ತು ಅತ್ತೆ ನೀಲಕ್ಕ, ಇಬ್ಬರೇ. ದಾನೇಶ್ವರಿಗೆ ಮಕ್ಕಳಾಗಿರಲಿಲ್ಲ. ಮೈದುನ ಶರಣಬಸವ ದಾಂಡೇಲಿಯ ಗ್ಯಾರೇಜೊಂದರಲ್ಲಿ ಕೆಲಸ ಮಾಡುತ್ತ ಅಲ್ಲೇ ಹೆಂಡತಿಯೊಂದಿಗೆ ಬಾಡಿಗೆ ಮನೆಯಲ್ಲಿದ್ದ. ನೀಲಕ್ಕ ಮಗ ಸತ್ತಿದ್ದಾನೆ ಎಂಬ ಮಾತನ್ನು ಹೊಸ್ತಿಲೊಳಗೆ ಬರಗೊಡಲಿಲ್ಲ. "ನನ್ನ ಮಗಾ ಈಸ ಬಲ್ಲಂವ. ಎಲ್ಲೋ ದಡಾ ಹತ್ಯಾನ. ತಲಿಗೆ ಪೆಟ್ಟು ಬಿದ್ದು ಮರತಾನ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಓಣಿಯ ಅಯ್ಯನವರಾದ ಅಡಿವೆಯ್ಯ ಒಮ್ಮೆ ಬಂದು ಜಗಲಿಯ ಮೇಲೆ ಕೂತು, ಶರಣಬಸವನನ್ನು ಬದಿಗೆ ಕರೆದು, "ತಾಯಿ ಮನಸ್ಸು ಒಪ್ಪಲಿ, ಆಮ್ಯಾಲೆ ಕಾರ್ಯದ ಮಾತು ನೋಡೂಣು. ಗಡಿಬಿಡಿ ಮಾಡಬ್ಯಾಡ್ರಿ" ಎಂದು ಹೇಳಿ ಹೋಗಿದ್ದರು.

ಪ್ರತಿದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಒಣಗುವ ಮೊದಲೇ ನೀಲಕ್ಕ, "ಹಚ್ಚು" ಅನ್ನುತ್ತಿದ್ದಳು. ದಾನೇಶ್ವರಿ ಈರೇಶನ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಬೇಕು. ಒಬ್ಬ ಹೆಂಗಸಿನ ದನಿ, ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ, ಅನ್ನುತ್ತಿತ್ತು.

"ಆರಿಸ್ಯಾನ ಅಂತ ಹೇಳತಾಳ ನೋಡು" ಅನ್ನುತ್ತಿದ್ದಳು ನೀಲಕ್ಕ. "ಆರಿಸಾಕ ಕೈ ಬೇಕಲ್ಲ?"

ದಾನೇಶ್ವರಿ ಹುಲ್ಲು ಕಿತ್ತು ಹಿತ್ತಲು ಹಸನು ಮಾಡಿದಳು. ಗುದ್ದಲಿ ಹಾಕಿ, ಹೆಂಟೆ ಒಡೆದು, ಹಳೇ ಸಗಣಿ ಗೊಬ್ಬರ ಬೆರೆಸಿ ಉದ್ದಕ್ಕೆ ಮಡಿ ಕಟ್ಟಿದಳು. ಬೀಜದ ಕಣ್ಣು ಕೆಳಗೆ ಮಾಡಿ, ಬೆರಳಿನ ಒಂದು ಗೆಣ್ಣಿನಾಳಕ್ಕೆ ಒತ್ತಿ, ಗೇಣಿಗೊಂದರಂತೆ ಊರಿದಳು. ಆ ಕೆಲಸ ಅವಳಿಗೆ ಇಷ್ಟವಾಯಿತು ಎಂದು ಹೇಳಲು ಬರುವುದಿಲ್ಲ. ಬಗ್ಗಿ ಕೆಲಸ ಮಾಡುವಾಗ ಯಾರೂ ಏನೂ ಕೇಳುತ್ತಿರಲಿಲ್ಲ, ಅಷ್ಟೇ. ಮಣ್ಣಿನಲ್ಲಿ ಹಸಿ ಇದ್ದುದರಿಂದ ನೀರು ಹಾಕಲಿಲ್ಲ.

ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ಮಣ್ಣು ಎಲ್ಲೂ ಬಿರಿಯಲಿಲ್ಲ. ಅವಳು ಒಂದು ಕಡೆ ಬೆರಳಿನಿಂದ ಕೆದಕಿದಳು. ಕಾಳು ಉಬ್ಬಿ, ಲೋಳೆಯಾಗಿ, ಒತ್ತಿದರೆ ಜಾರುತ್ತಿತ್ತು. ನಾತ ಬಂತು. ಇನ್ನೊಂದು ಕಡೆ ಕೆದಕಿದಳು, ಅಲ್ಲಿಯೂ ಅದೇ. ಮಣ್ಣು ಕೆಸರಿನ ಹಾಗೆ ತೊಯ್ದಿತ್ತು.

"ಅತ್ತಿ, ಇದಕ್ಕ ನೀವು ನೀರ ಹಾಕೀರೇನ್ರಿ?"

ನೀಲಕ್ಕ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. "ಹೂಂ. ನೀ ನೀರಿಗೆ ಹೋದಾಗ ದಿನಾ ಒಂದ ಕೊಡಾ ಹಾಕೀನಿ. ನೀ ಮರತೀಯಂತ ಅನಕೊಂಡೆ."

"ಕೊಳತಾವ್ರಿ."

ನೀಲಕ್ಕ ಗೋಡೆ ಹಿಡಿದು ಎದ್ದು ಬಂದಳು. ಸೊಸೆಯ ಅಂಗೈಯಿಂದ ಆ ಕಾಳನ್ನು ತನ್ನ ಅಂಗೈಗೆ ತೆಗೆದುಕೊಂಡು ನೋಡಿದಳು.

"ಎಲ್ಲಾ?"

"ಎಲ್ಲಾ."

"ನನ್ನ ಕೈಗುಣಾನ ಚಲೋ ಇಲ್ಲ ಬಿಡು ಯವ್ವಾ."

ಈಗ ಏನಾದರೂ ಹೇಳಬೇಕು, ಹಾಗೇನಿಲ್ಲ ಅತ್ತಿ ಅನ್ನಬೇಕು ಎಂದು ದಾನೇಶ್ವರಿಗೆ ಗೊತ್ತಿತ್ತು. ಕೈ ತೊಳೆದುಕೊಂಡು, ಚೀಲ ತೆಗೆದುಕೊಂಡು, ಮತ್ತೆ ಪುಂಡಲೀಕನ ಅಂಗಡಿಗೆ ಹೋದಳು.

ಎರಡನೇ ಸಲ ಊರಿದ್ದು ದೀಪಾವಳಿಯ ಮಗ್ಗಲು. ಈ ಸಲ ನೀಲಕ್ಕ ನೀರಿನ ಹತ್ತಿರ ಹೋಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೋಲು ಹಿಡಿದು ಕೂತು ಓಣಿಯ ಕೋಳಿಗಳನ್ನು ಓಡಿಸುತ್ತಿದ್ದಳು. ಒಂದು ಮುಂಜಾನೆ ಅಲ್ಲಿಂದಲೇ, "ದಾನವ್ವ, ಬಾ ಇಲ್ಲೆ" ಎಂದು ಕೂಗಿದಳು. ಮಣ್ಣು ಬಿರಿದಿತ್ತು. ದಪ್ಪ ಕುತ್ತಿಗೆ ಬಗ್ಗಿಸಿಕೊಂಡು, ಎರಡು ಹೋಳಾದ ಕಾಳನ್ನು ತಲೆಯ ಮೇಲೆ ಹೊತ್ತು ಮೊಳಕೆಗಳು ಮೇಲೆ ಬಂದಿದ್ದವು. ಇಬ್ಬರೂ ನಿಂತು ನೋಡಿದರು. ನೀಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ದಾನೇಶ್ವರಿ ಒಳಗೆ ಹೋಗಿ ಚಹಾಕ್ಕೆ ಇಟ್ಟಳು.

ಗಿಡಗಳು ಪುಂಡಲೀಕ ಹೇಳಿದಷ್ಟೇ ಎತ್ತರ ಬೆಳೆದು, ಅಗಲವಾಗಿ ಹರಡಿ ನಿಂತವು. ಎಲೆಯ ಅಡಿಗೆ ಕರೇ ಹೇನು ಬಿದ್ದಾಗ ಒಲೆಯ ಬೂದಿ ಉಗ್ಗಿದಳು. ಬೆಳ್ಳನೆಯ ಸಣ್ಣ ಹೂ ಬಂದವು. ಕೆಲವು ಉದುರಿದವು, ಕೆಲವು ಕಚ್ಚಿದವು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಫೋನಿನ ಹೆಂಗಸು ಬೇರೆ ಮಾತು ಹೇಳಿದಳು. ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ. ನೀಲಕ್ಕ ಕಿವಿ ಮುಂದೆ ಮಾಡಿದಳು.

"ಏನಂತಾಳ? ಇವತ್ತ ಬ್ಯಾರೆ ಅಂದಂಗಾತು."

"ಅದ ಹೇಳಾಕತ್ತಾಳ್ರಿ" ಅಂದಳು ದಾನೇಶ್ವರಿ.

ನೀಲಕ್ಕ ಅವಳ ಮುಖ ನೋಡಿದಳು. ಮರುದಿನ ಪೂಜೆ ಮುಗಿದ ಮೇಲೆ "ಹಚ್ಚು" ಅನ್ನಲಿಲ್ಲ. ಅದರ ಮರುದಿನವೂ ಅನ್ನಲಿಲ್ಲ.

ಮುಂಡಗೋಡದಿಂದ ದಾನೇಶ್ವರಿಯ ತಾಯಿ ಬಂದಳು. ಮಗಳ ತಲೆಗೆ ಎಣ್ಣೆ ಹಚ್ಚುತ್ತ, "ನನ್ನ ಕೂಡ ಬಂದ ಬಿಡು. ಎಷ್ಟ ದಿನಾ ಅಂತ ಹಿಂಗ ಕುಂದರ್ತಿ? ಅತ್ತರ ಅತ್ತೀ ಅನ್ನಬೇಕು, ಅದೂ ಇಲ್ಲ. ನಿನ್ನ ನೋಡಿದ್ರ ನನಗ ಅಂಜಿಕಿ ಬರ್ತೈತಿ" ಅಂದಳು.

"ಕಾಯಿ ಬರ್ಲಿ" ಅಂದಳು ದಾನೇಶ್ವರಿ.

"ಯಾವ ಕಾಯಿ?"

"ಬೀನ್ಸ್."

ತಾಯಿಯ ಕೈ ತಲೆಯ ಮೇಲೆ ಹಾಗೇ ನಿಂತಿತು. ಎರಡು ದಿನ ಇದ್ದು ಅವಳು ತಿರುಗಿ ಹೋದಳು.

ಸಂಕ್ರಾಂತಿ ಕಳೆದ ಮೇಲೆ ಶರಣಬಸವನ ಫೋನ್ ಬಂತು. ಅವನು ಗ್ಯಾರೇಜಿನಿಂದ ಮಾತಾಡುತ್ತಿದ್ದ, ಹಿಂದೆ ಯಾರೋ ತಗಡು ಬಡಿಯುತ್ತಿದ್ದರು.

"ವೈನಿ, ಜೊಯಿಡಾ ಠಾಣೆದಿಂದ ಫೋನ್ ಬಂದಿತ್ತು. ಹಿನ್ನೀರು ಇಳದೈತಿ. ಮೀನ ಹಿಡಿಯವ್ರಿಗೆ ಮರದ ಬೊಡ್ಡಿ ಸಂದ್ಯಾಗ ಒಂದ..." ಅವನು ನಿಲ್ಲಿಸಿದ. "ಬಂದ ನೋಡ್ರಿ ಅಂದ್ರು. ಅವ್ವಗ ಹೇಳಬ್ಯಾಡ್ರಿ."

"ಆತು" ಅಂದಳು.

ಮರುದಿನ ಬೆಳಿಗ್ಗೆ, ಶರಣಬಸವನ ಹೆಂಡತಿಗೆ ಆರಾಮಿಲ್ಲವಂತೆ, ದಾಂಡೇಲಿಗೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿದಳು. ನೀಲಕ್ಕ ಸುಮ್ಮನೆ ಕೇಳಿಸಿಕೊಂಡು ಹಿತ್ತಲಿಗೆ ಹೋದಳು. ಕಾಳು ತುಂಬಿ ಉಬ್ಬಿದ ಕಾಯಿಗಳನ್ನು ಆರಿಸಿ ಕಿತ್ತು, ಒಂದು ಕೈಚೀಲದ ತುಂಬ ಹಾಕಿ ತಂದಳು. "ಮೊದಲನೇ ಕೊಯ್ಲು. ಬರಿಗೈಲೆ ಹೋಗಬ್ಯಾಡ" ಅಂದಳು.

ಹಾಗಾಗಿ ದಾನೇಶ್ವರಿ ಬೀನ್ಸಿನ ಚೀಲ ಹಿಡಿದುಕೊಂಡೇ ಬಸ್ಸು ಹತ್ತಿದಳು. ದಾಂಡೇಲಿಯಲ್ಲಿ ಶರಣಬಸವ ಕಾಯುತ್ತಿದ್ದ. ಗಡ್ಡ ತೆಗೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಚೀಲ ನೋಡಿ ಏನದು ಎಂದು ಕೇಳಿದ. ಹೇಳಿದಳು. ಮನೆಗೆ ಕೊಟ್ಟು ಬರಲು ಹೊತ್ತಿರಲಿಲ್ಲ, ಜೊಯಿಡಾದ ಬಸ್ಸು ಹೊರಟು ನಿಂತಿತ್ತು. ದಾರಿಯುದ್ದ ಅವನು ಕಿಟಕಿಯ ಆಚೆ ಕಾಡು ನೋಡುತ್ತ ಕೂತ. ಅವಳು ತೊಡೆಯ ಮೇಲೆ ಚೀಲ ಇಟ್ಟುಕೊಂಡು ಎದುರಿನ ಸೀಟಿನ ಕಂಬಿ ನೋಡುತ್ತ ಕೂತಳು.

ಜೊಯಿಡಾದ ಸರಕಾರಿ ದವಾಖಾನೆಯ ಹಿಂದೆ, ಶವದ ಕೋಣೆಯ ಹೊರಗೆ ಒಂದು ಬೆಂಚು ಇತ್ತು. ಅದರ ಮೇಲೆ ಒಬ್ಬ ಹೆಂಗಸು ಒಬ್ಬಳೇ ಕೂತಿದ್ದಳು. ದಾನೇಶ್ವರಿಯ ವಯಸ್ಸಿನವಳೇ. ಕಾಲಿಗೆ ಡಾಂಬರಿನ ಕಲೆ ಅಂಟಿದ ಚಪ್ಪಲಿ. ಬದಿಗೆ ಸರಿದು ಜಾಗ ಮಾಡಿಕೊಟ್ಟಳು. ಶರಣಬಸವ ಪೊಲೀಸರನ್ನು ಹುಡುಕಲು ಹೋದ.

"ನಿಮ್ಮವರೂ ಏನ್ರಿ?" ಎಂದು ಆ ಹೆಂಗಸು ಕೇಳಿದಳು.

"ಹೂಂ. ನಮ್ಮ ಮನಿಯವರು. ಶ್ರಾವಣದಾಗ."

"ನಮ್ಮವರು ದೀಪಾವಳಿ ಮುಂದ. ರಸ್ತೆ ಕೆಲಸಕ್ಕ ಬಂದಿದ್ವಿರಿ, ಬೈಲಹೊಂಗಲ ಕಡೆಯವ್ರು. ಕುಂಬಾರವಾಡದ ಹಂತ್ಯಾಕ ಟೆಂಟ್ ಹಾಕೀವಿ. ಕೈಕಾಲ ತೊಳಕೊಂಡ ಬರ್ತೇನಿ ಅಂತ ಹಿನ್ನೀರಿಗೆ ಇಳದ್ರು." ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. "ರಟ್ಟಿಗೆ ತಾಯತ ಇತ್ತರಿ. ತಾಮ್ರದ್ದು. ನಾನ ಕಟ್ಟಿಸಿದ್ದೆ, ನೀರಿನ ಗಂಡಾಂತರ ಐತಿ ಅಂತ ಹೇಳಿದ್ರು, ಅದಕ್ಕ. ಅದೊಂದು ಇದ್ರ ಸಾಕರಿ, ನನಗ ಗೊತ್ತಾಗ್ತೈತಿ."

ಅವಳ ಹೆಸರು ಮಾಲವ್ವ, ಗಂಡನ ಹೆಸರು ದುರ್ಗಪ್ಪ. ಇಷ್ಟು ತಿಳಿಯುವಷ್ಟರಲ್ಲಿ ಶರಣಬಸವ ಒಬ್ಬ ಹಿರಿಯ ಪೊಲೀಸನ ಜೊತೆ ಬಂದ. ಮೊದಲು ದಾನೇಶ್ವರಿಯನ್ನು ಕರೆದರು.

ಒಳಗೆ ದೇಹದ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಅದನ್ನು ತೆರೆಯಲಿಲ್ಲ. "ಅದನ್ನ ನೋಡೂದು ಬ್ಯಾಡ ತಂಗಿ, ಗುರ್ತ ಹತ್ತೂದಿಲ್ಲ. ಸಾಮಾನು ನೋಡು" ಅಂದ ಪೊಲೀಸ. ಒಂದು ತಾಡಪತ್ರಿಯ ತುಂಡಿನ ಮೇಲೆ ಕೆಸರು ತೊಳೆದು ಇಟ್ಟಿದ್ದರು. ಬಣ್ಣ ಹೋದ ಪ್ಯಾಂಟು. ಒಂದು ಬೆಲ್ಟು, ಈರೇಶನ ಬೆಲ್ಟಿನಂಥದೇ, ಎಲ್ಲರ ಹತ್ತಿರವೂ ಇರುವಂಥದು. ಕಪ್ಪು ದಾರದಲ್ಲಿ ಒಂದು ತಾಮ್ರದ ತಾಯತ.

ಪ್ಯಾಂಟು ಗಿಡ್ಡವಿತ್ತು. ಈರೇಶ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವವನು. ಅವನ ಕೊರಳಲ್ಲಿ ಬೆಳ್ಳಿ ಕರಡಿಗೆಯಲ್ಲಿ ಲಿಂಗ ಇರುತ್ತಿತ್ತು, ರಟ್ಟೆಗೆ ಏನನ್ನೂ ಕಟ್ಟಿಕೊಂಡವನಲ್ಲ. ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ಶರಣಬಸವನಿಗೂ ಗೊತ್ತಾಗಿರಬೇಕು. ಅವನು ಅವಳ ಕಿವಿಯ ಹತ್ತಿರ ಬಂದ.

"ವೈನಿ, ಹೂಂ ಅಂದ ಬಿಡ್ರಿ."

ಅವಳು ಅವನ ಕಡೆ ತಿರುಗಿದಳು.

"ಹೂಂ ಅನ್ರಿ. ಅವ್ವನ ಕೈಲೆ ಇನ್ನ ಆಗೂದಿಲ್ಲ. ನನ್ನ ಕೈಲೂ ಆಗೂದಿಲ್ಲ. ಒಯ್ದು ಮಣ್ಣ ಕೊಟ್ಟ ಬಿಡೂಣು. ಎಲ್ಲಾ ಮುಗದ ಹೋಗ್ತೈತಿ."

ಪೊಲೀಸ ಕಿಟಕಿಯ ಹತ್ತಿರ ನಿಂತಿದ್ದ, ಕೇಳಿಸಿತೋ ಇಲ್ಲವೋ. ದಾನೇಶ್ವರಿ ಆ ಬಿಳಿ ಬಟ್ಟೆ ನೋಡಿದಳು. ಹೂಂ ಅಂದರೆ ಇದು ಹಳಿಯಾಳಕ್ಕೆ ಬರುತ್ತದೆ. ಜನ ಸೇರುತ್ತಾರೆ. ಅಡಿವೆಯ್ಯನವರು ಬರುತ್ತಾರೆ. ಎಲ್ಲರಿಗೂ ಮಾಡಲು ಒಂದು ಕೆಲಸ ಸಿಗುತ್ತದೆ. ನಾಳೆಯಿಂದ ಯಾರೂ ಏನಾದರೂ ಸುದ್ದಿ ಬಂತೇ ಎಂದು ಕೇಳುವುದಿಲ್ಲ. ಆ ಮಾತು ನಾಲಿಗೆಯ ತನಕ ಬಂತು. ಅದಕ್ಕೆ ರುಚಿಯೂ ಇತ್ತು, ಬಹಳ ದಿನಗಳ ಮೇಲೆ ಬಾಯಲ್ಲಿ ಒಂದು ರುಚಿ. ಹೊರಗೆ ಬೆಂಚಿನ ಮೇಲೆ ಮಾಲವ್ವ ಕೆಮ್ಮಿದ್ದು ಕೇಳಿಸಿತು.

"ಅಲ್ರಿ. ನಮ್ಮವರಲ್ಲ" ಅಂದಳು ದಾನೇಶ್ವರಿ. "ಹೊರಗ ಕುಂತಾರಲ್ಲ, ಅವ್ರನ್ನ ಕರೀರಿ."

ಮಾಲವ್ವ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅವಳ ಕೂಗು ಕೇಳಿಸಿತು. ದವಾಖಾನೆಯ ಮುಂದಿನ ಸರದಿಯಲ್ಲಿದ್ದವರೆಲ್ಲ ಹಿಂದಕ್ಕೆ ಓಡಿ ಬಂದರು. ದಾನೇಶ್ವರಿ ಬೆಂಚಿನ ಮೇಲೆ ಕೂತಿದ್ದಳು. ಆ ಕೂಗು ಕೇಳುತ್ತ ಅವಳಿಗೆ ಮರುಕವಾಗಲಿಲ್ಲ. ಆಕೆಗೆ ಸಿಕ್ಕಿತು, ನನಗೆ ಸಿಗಲಿಲ್ಲ ಅನಿಸಿತು. ಜಾತ್ರೆಯಲ್ಲೋ ಸಂತೆಯಲ್ಲೋ ಕಡೆಯದೊಂದು ಸಾಮಾನನ್ನು ಬೇರೆ ಯಾರೋ ಎತ್ತಿಕೊಂಡು ಹೋದಾಗ ಆಗುವಂಥ ಹೊಟ್ಟೆಕಿಚ್ಚು. ಅದು ತನ್ನದೇ ಎಂದು ಒಪ್ಪಿಕೊಳ್ಳಲು ಅವಳಿಗೆ ತುಸು ಹೊತ್ತು ಹಿಡಿಯಿತು.

ಶರಣಬಸವ ಬಸ್ಸಿನ ಹೊತ್ತಾಯಿತು ಎಂದು ಎದ್ದು ನಿಂತ. ಅವಳು ಏಳಲಿಲ್ಲ. ಮಾಲವ್ವನ ಕಡೆಯವರು ಬೈಲಹೊಂಗಲದಿಂದ ಬರುವಷ್ಟರಲ್ಲಿ ಸಂಜೆಯಾಗುತ್ತದೆ, ಅಲ್ಲಿಯವರೆಗೆ ಇಡುವ ಸ್ಥಿತಿಯಲ್ಲಿ ದೇಹವಿಲ್ಲ ಎಂದು ಪೊಲೀಸ ಹೇಳುತ್ತಿದ್ದ. ರಸ್ತೆ ಕೆಲಸದ ಕೆಲವರು ಟೆಂಪೊದಲ್ಲಿ ಬಂದರು. ಹೆಂಗಸರು ಯಾರೂ ಇರಲಿಲ್ಲ.

"ನೀನೂ ಒಂದ ಕೈ ಹಚ್ಚು ಶರಣಪ್ಪ" ಅಂದಳು ದಾನೇಶ್ವರಿ. "ಮುಂದಿನ ಬಸ್ಸಿಗೆ ಹೋಗೂಣು."

ಅವನು ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ಹೋಗಿ ಹೆಗಲು ಕೊಟ್ಟ.

ಊರಾಚೆಯ ಸ್ಮಶಾನದಲ್ಲಿ ಗುಂಡಿ ತೋಡಿದ್ದರು. ಕೆಂಪು ಮಣ್ಣು, ಬೇರುಗಳು ತುಂಬಿದ್ದವು. ಮಾಲವ್ವ ನಿಲ್ಲಲಾರದೆ ದಾನೇಶ್ವರಿಯ ಮೇಲೆ ಪೂರ್ತಿ ಭಾರ ಹಾಕಿದ್ದಳು. ದಾನೇಶ್ವರಿ ಅವಳನ್ನು ಒಂದು ಕೈಯಿಂದ ತಬ್ಬಿ ಹಿಡಿದು, ಇನ್ನೊಂದು ಕೈಯಿಂದ ಒಂದು ಹಿಡಿ ಮಣ್ಣು ತೆಗೆದು ಗುಂಡಿಗೆ ಹಾಕಿದಳು. ಎಂದೂ ನೋಡಿರದ ದುರ್ಗಪ್ಪನಿಗೆ. ಶರಣಬಸವ ಗುಂಡಿಯ ಅಂಚಿನಲ್ಲಿ ಕೂತು, ಮುಖ ಮುಚ್ಚಿಕೊಂಡು, ಮಾಲವ್ವನಿಗಿಂತ ಜೋರಾಗಿ ಅತ್ತ. ರಸ್ತೆ ಕೆಲಸದವರು ಅವನನ್ನು ಸತ್ತವನ ತಮ್ಮ ಎಂದುಕೊಂಡು ಬೆನ್ನು ಸವರಿದರು.

ಹೊರಡುವಾಗ ದಾನೇಶ್ವರಿಗೆ ಬೀನ್ಸಿನ ಚೀಲ ನೆನಪಾಯಿತು. ಅದು ಇಷ್ಟು ಹೊತ್ತೂ ಮೊಳಕೈಗೆ ನೇತುಬಿದ್ದಿತ್ತು. ಬಿಚ್ಚಿ ಮಾಲವ್ವನ ಕೈಗೆ ಕೊಟ್ಟಳು.

"ಕಾಳ ಸುಲದು ಬೇಯಿಸಿ ತಿನ್ರಿ" ಅಂದಳು. "ಹಸೀವು ತಿನ್ನಬ್ಯಾಡ್ರಿ."

ಮಾಲವ್ವ ಅತ್ತು ಊದಿದ ಕಣ್ಣಿಂದ ಚೀಲ ನೋಡಿದಳು, ಅವಳನ್ನು ನೋಡಿದಳು. "ಆತರಿ ಅಕ್ಕಾ" ಅಂದಳು.

ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ನೀಲಕ್ಕ ಜಗಲಿಯ ಮೇಲೆ, ಕಂಬಕ್ಕೆ ಒರಗಿ ಕೂತಿದ್ದಳು. ಸೊಸೆಯ ಕಾಲಿನ ಕೆಂಪು ಮಣ್ಣು ನೋಡಿದಳು.

"ಅಂವಲ್ಲ?"

ದಾನೇಶ್ವರಿ ನಿಂತಲ್ಲೇ ನಿಂತಳು.

"ಶರಣ್ಯಾನ ಹೆಂಡತಿ ಮಧ್ಯಾಹ್ನ ಪಕ್ಕದ ಮನಿ ಲಕ್ಷ್ಮೀದೇವಿ ಫೋನಿಗೆ ಮಾಡಿದ್ಲು. ಅಕಿ ಆರಾಮ ಅದಾಳ. ನೀವು ಜೊಯಿಡಾಕ್ಕ ಹೋಗೀರಂತ" ಅಂದಳು ನೀಲಕ್ಕ. "ಹೇಳು. ಅಂವಲ್ಲ?"

"ಅಂವಲ್ರಿ."

ನೀಲಕ್ಕ ಕಣ್ಣು ಮುಚ್ಚಿದಳು. ಓಣಿಯಲ್ಲಿ ಒಂದು ಬೈಕು ಹಾದು ಹೋಯಿತು.

"ಆಗಿದ್ರ ಚಲೋ ಇತ್ತು" ಅಂದಳು.

ದಾನೇಶ್ವರಿ ತಪ್ಪು ಕೇಳಿಸಿಕೊಂಡೆನೇ ಎಂದು ಹತ್ತಿರ ಬಂದಳು.

"ಆಗಿದ್ರ ಚಲೋ ಇತ್ತು ಯವ್ವಾ. ಮಧ್ಯಾಹ್ನದಿಂದ ಅದನ್ನ ಬೇಡಿಕೊಂಡ ಕುಂತೀನಿ. ಹೆತ್ತ ತಾಯಿ ಬೇಡೂ ಮಾತಲ್ಲ ಅದು. ಬರ್ತಾನ, ಬರ್ತಾನ ಅಂತ ನಾ ಯಾಕ ಅಂತಿದ್ನಿ? ನಾ ಅನ್ನೂದ ಬಿಟ್ರ ನೀ ಮುರದ ಬೀಳ್ತಿ ಅಂತ. ನೀನೋ ನನ್ನ ಸಲುವಾಗಿ ಸುಮ್ಮನದೀ. ಸಾಕಿನ್ನ. ಅಡಿವೆಯ್ಯನವರ್ನ ಕರಿ."

ಅಡಿವೆಯ್ಯನವರು ಮರುದಿನ ಬಂದರು. ದೇಹವಿಲ್ಲದೆ ಹೇಗೆ ಎಂದು ಶರಣಬಸವ ಕೇಳಿದ್ದಕ್ಕೆ, "ಇದಕ್ಕೊಂದು ಕಟ್ಟಳಿ ಅಂತ ನನಗ ಗೊತ್ತಿಲ್ಲಪ್ಪ. ಅಂವ ಇಳದ ಜಾಗದ ಮಣ್ಣ ತಗೊಂಡ ಬಾ. ವಿಭೂತಿ, ಪತ್ರಿ ನಾ ತರ್ತೇನಿ. ಉಳದದ್ದು ಶಿವನ ಪಾಲು" ಅಂದರು. ಶರಣಬಸವ ಆ ಸೇತುವೆಯ ದಡದಿಂದ ಒಂದು ಗಡಿಗೆ ಮಣ್ಣು ತಂದ. ಅವರ ಸಣ್ಣ ಹೊಲದ ಅಂಚಿನಲ್ಲಿ, ಈರೇಶನ ತಂದೆಯ ಸಮಾಧಿಯ ಪಕ್ಕ, ಆ ಮಣ್ಣನ್ನು ಇಳಿಸಿ ಮುಚ್ಚಿದರು.

ನೀಲಕ್ಕ ಎದೆ ಬಡಿದುಕೊಂಡು ಅತ್ತಳು. ಓಣಿಯೆಲ್ಲ ಅತ್ತಿತು. ಪಕ್ಕದ ಮನೆಯ ಲಕ್ಷ್ಮೀದೇವಿ ದಾನೇಶ್ವರಿಯ ಬೆನ್ನು ನೀವುತ್ತ, "ಅತ್ತ ಬಿಡ ಯವ್ವಾ, ಹಗುರಾಗ್ತೈತಿ" ಅಂದಳು. ದಾನೇಶ್ವರಿ ಪ್ರಯತ್ನಪಟ್ಟಳು. ಕಣ್ಣು ಒಣಗಿಯೇ ಇದ್ದವು. ಮುದುಕಿಯರು ಅವಳ ಬಳೆಗೆ ಕೈ ಹಾಕಲು ಬಂದಾಗ ನೀಲಕ್ಕ ಅಳುವುದನ್ನು ನಿಲ್ಲಿಸಿ, "ಮುಟ್ಟಬ್ಯಾಡ್ರಿ. ಬಳಿ ಅಕಿವು, ಅಕಿ ತಗದ್ರ ತಗೀತಾಳ, ಇಲ್ಲಂದ್ರ ಇಲ್ಲ" ಅಂದಳು. ಯಾರೋ ಗೊಣಗಿದರು. ಅಡಿವೆಯ್ಯನವರು ಏನೂ ಅನ್ನಲಿಲ್ಲ, ಹಾಗಾಗಿ ಬಳೆಗಳು ಕೈಯಲ್ಲೇ ಉಳಿದವು.

ಪ್ರಸಾದವಾಗಿ, ಬಂದವರೆಲ್ಲ ಹೋದ ಮೇಲೆ ಮನೆ ನಿಶ್ಶಬ್ದವಾಯಿತು. ನೀಲಕ್ಕ ಚಾಪೆಯ ಮೇಲೆ ಬಾಯಿ ತೆರೆದು ಮಲಗಿಬಿಟ್ಟಿದ್ದಳು. ಇನ್ನೂ ಬಿಸಿಲಿತ್ತು. ದಾನೇಶ್ವರಿ ದೊಡ್ಡ ಪಾತ್ರೆಗಳನ್ನು ತೊಳೆಯಲೆಂದು ಹಿತ್ತಲ ಬಾಗಿಲು ತೆರೆದಳು.

ಮಡಿಯ ತುಂಬ ಮುಸುವಗಳು ಕೂತಿದ್ದವು. ಕಪ್ಪು ಮೋರೆಯ, ಉದ್ದ ಬಾಲದ ಒಂದು ಹಿಂಡೇ ಕಾಡಿನ ಕಡೆಯಿಂದ ಬಂದಿತ್ತು. ಬೆಳಿಗ್ಗೆಯಿಂದ ಹಿತ್ತಲ ಕಡೆ ಯಾರೂ ಸುಳಿದಿರಲಿಲ್ಲ. ಕಾಯಿಗಳನ್ನು ಕಿತ್ತು, ಕಚ್ಚಿ, ಅರ್ಧ ತಿಂದು ಬಿಸಾಡಿದ್ದವು. ಗಿಡಗಳು ಮುರಿದು ಮಲಗಿದ್ದವು. ಒಂದು ದೊಡ್ಡ ಮುಸುವ ಬೇರುಸಹಿತ ಕಿತ್ತ ಗಿಡವನ್ನು ಕೈಯಲ್ಲಿ ಹಿಡಿದು, ಅವಳನ್ನು ನೋಡುತ್ತ ನಿಧಾನವಾಗಿ ಎಲೆ ಅಗಿಯುತ್ತಿತ್ತು.

ಅವಳ ಬಾಯಿಂದ ಒಂದು ಕೂಗು ಬಂತು. ಅದು ಮಾತಲ್ಲ, ಬೈಗುಳವೂ ಅಲ್ಲ. ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ. ಕೈಗೆ ಸಿಕ್ಕ ಸೌಟು ಎಸೆದಳು, ಮುಚ್ಚಳ ಎಸೆದಳು, ಕಲ್ಲು ಎತ್ತಿ ಬೀಸಿದಳು. ಮುಸುವಗಳು ಗೋಡೆ ಹಾರಿ, ಹೆಂಚು ಉರುಳಿಸುತ್ತ, ಮರದಿಂದ ಮರಕ್ಕೆ ಓಡಿದವು. ಅವು ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೂ ಅವಳು ಕೂಗುತ್ತಲೇ ಇದ್ದಳು. ಮಡಿಯ ನಡುವೆ ನಿಂತು, ಸೆರಗು ಜಾರಿ, ಕತ್ತಿನ ನರ ಉಬ್ಬಿ, ಉಸಿರು ಮುಗಿದಾಗ ಉಸಿರು ತೆಗೆದುಕೊಂಡು ಮತ್ತೆ ಕೂಗಿದಳು. ಓಣಿಯ ನಾಯಿಗಳು ಬೊಗಳತೊಡಗಿದವು. ಲಕ್ಷ್ಮೀದೇವಿ ಗೋಡೆಯ ಮೇಲಿಂದ ಇಣುಕಿ, ಬಾಯಿಗೆ ಕೈ ಇಟ್ಟುಕೊಂಡು ನಿಂತಳು. ನೀಲಕ್ಕ ಎದ್ದು ಬಾಗಿಲಿಗೆ ಬಂದಳು. ಹತ್ತಿರ ಬರಲಿಲ್ಲ, ತಡೆಯಲೂ ಇಲ್ಲ. ಚೌಕಟ್ಟು ಹಿಡಿದು ಕಾಯುತ್ತ ನಿಂತಳು.

ಗಂಟಲು ಕಟ್ಟಿ ದನಿ ಹೊರಡದಾದಾಗ ಕೂಗು ತಾನೇ ನಿಂತಿತು. ದಾನೇಶ್ವರಿ ಸೆರಗು ಹೊದ್ದುಕೊಂಡಳು. ಕೂತು, ವಾಲಿದ ಗಿಡಗಳ ಬುಡಕ್ಕೆ ಮಣ್ಣು ಏರಿಸಿ ಒತ್ತಿದಳು. ಪೂರ್ತಿ ಮುರಿದವನ್ನು ಕಿತ್ತು ಬದಿಗೆ ಹಾಕಿದಳು. ಗೋಡೆಯ ಕಡೆಯ ಸಾಲು ಹೆಚ್ಚು ಕೆಟ್ಟಿರಲಿಲ್ಲ. ಮುರಿದ ಟೊಂಗೆಯ ಕೆಳಗೆ ಸಣ್ಣ ಮೊಗ್ಗುಗಳಿದ್ದವು.

ಮರುದಿನ ಮುಂಡಗೋಡದಿಂದ ತಾಯಿ ಫೋನ್ ಮಾಡಿದಳು. ಮೊಳಕಾಲು ನೋವಿನಿಂದ ಕಾರ್ಯಕ್ಕೆ ಬರಲಾಗಿರಲಿಲ್ಲ.

"ಮುಗೀತಲ್ಲ. ಇನ್ನರ ಬರ್ತೀಯೇನ? ಅಣ್ಣನ್ನ ಕಳಸ್ಲಿ?"

"ಇಲ್ಲ" ಅಂದಳು ದಾನೇಶ್ವರಿ. ದನಿ ಗೊಗ್ಗರಾಗಿ, ಒಡೆದು ಬಂತು. "ನಾ ಇಲ್ಲೇ ಇರ್ತೇನಿ ಯವ್ವಾ. ಅತ್ತಿ ಕೂಡ."



"ನಿನ್ನ ಗಂಟಲ ಯಾಕ ಹಿಂಗಾಗೇತಿ?" ತಾಯಿಯ ದನಿ ಮೆತ್ತಗಾಯಿತು. "ಅತ್ತೀಯೇನ? ಅತ್ತೀ, ಹೌದಿಲ್ಲ? ಶಿವನೇ. ಚಲೋ ಆತು ನನ ಕಂದಾ. ಚಲೋ ಆತು."

ತಾಯಿ ಆ ಕಡೆ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ದಾನೇಶ್ವರಿ ಅಲ್ಲ ಅನ್ನಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡು, ಅವಳು ಅತ್ತು ಮುಗಿಸುವ ತನಕ ಕಾದಳು.